ಬಾಯಿ ಮೇಲೆ ಮಾಡಿ ನಿಂತ ಫಿರಂಗಿ

ಪ್ರಿಯ ಶ್ರೀಧರ,

ಗೆಟ್ಟಿಸ್‌ಬರ್ಗ್‌ನಿಂದ ಕಳಿಸಿದ ಚಿತ್ರ ನೋಡಿ, ಫಿರಂಗಿಯನ್ನು ಕಂಬದ ಹಾಗೆ ನೆಟ್ಟಿರುವುದು ಯಾರು ಸತ್ತ ಜಾಗದಲ್ಲಿ ಎಂದು ಕೇಳಿದ್ದೀಯ. ಸತ್ತ ಜಾಗವಲ್ಲ, ಕೂತ ಜಾಗ! ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ, 1863ರ ಜುಲೈ 1ರಿಂದ 3ರವರೆಗೆ ಪೆನ್ಸಿಲ್ವೇನಿಯಾದ ಆ ಊರಿನ ಸುತ್ತ ನಡೆದ ಕಾಳಗದ ನೆನಪಿಗೆ 1,300ಕ್ಕೂ ಹೆಚ್ಚು ಸ್ಮಾರಕಗಳಿವೆ. ಅವುಗಳ ನಡುವೆ ಕಲ್ಲಿನ ಪೀಠದ ಮೇಲೆ ಬಾಯಿ ಮೇಲೆ ಮಾಡಿ ನಿಲ್ಲಿಸಿದ ಫಿರಂಗಿ ಕಂಡರೆ, ಅಲ್ಲೊಬ್ಬ ದೊಡ್ಡ ಸೇನಾನಾಯಕನ ಬಿಡಾರವಿತ್ತು ಎಂದು ತಿಳಿಯಬೇಕು.

ನೀನು ಊಹಿಸಿದಂಥವು ಅದೇ ಯುದ್ಧದ ಇನ್ನೊಂದು ಕಾಳಗ ನಡೆದ ಮೇರಿಲ್ಯಾಂಡಿನ ಆಂಟೀಟಂನಲ್ಲಿವೆ. ಅಲ್ಲಿ ಫಿರಂಗಿಗಳು ತಲೆಕೆಳಗಾಗಿ ನಿಂತಿವೆ. ಪ್ರಾಣ ಕಳೆದುಕೊಂಡ ಆರು ಜನರಲ್‌ಗಳಿಗೆ ಆರು, ಎರಡೂ ಕಡೆಯವರಿಗೆ ಮೂರು ಮೂರು. ಜಾರ್ಜಿಯಾದ ಚಿಕಮಾಗದಲ್ಲಿ ಫಿರಂಗಿ ಗುಂಡುಗಳನ್ನೇ ಗೋಪುರದಂತೆ ಪೇರಿಸಿ ಎಂಟು ಬ್ರಿಗೇಡ್ ನಾಯಕರು ಬಿದ್ದ ಜಾಗಗಳನ್ನು ಗುರುತಿಸಿದ್ದಾರೆ. ಅವರಲ್ಲಿ ದಕ್ಷಿಣದ ಪರವಾಗಿ ಸತ್ತ ಬೆನ್ ಹೆಲ್ಮ್ ಉತ್ತರದ ಪಾಳೆಯದ ಅಧ್ಯಕ್ಷ ಲಿಂಕನ್ನರ ನಾದಿನಿಯ ಗಂಡ. ಅಂತರ್ಯುದ್ಧವೆಂದರೆ ಇದೇ ಅಲ್ಲವೇ, ಸೂತಕ ಎರಡೂ ಪಾಳೆಯಕ್ಕೆ.

ಗೆಟ್ಟಿಸ್‌ಬರ್ಗ್‌ನ ಬಿಡಾರಗಳಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಟೇನಿಟೌನ್ ರಸ್ತೆಯ ಪಕ್ಕದ ಪುಟ್ಟ ಬಿಳಿ ಮನೆ. ಉತ್ತರದ ಸೇನಾಪತಿ ಜಾರ್ಜ್ ಮೀಡ್ ಅಲ್ಲಿದ್ದ. ಸೇನೆಯ ಹೊಣೆ ಅವನ ಹೆಗಲೇರಿದ್ದು ಜೂನ್ 28ರಂದು, ಕಾಳಗಕ್ಕೆ ಮೂರೇ ದಿನ ಮೊದಲು. ಜುಲೈ 2ರ ರಾತ್ರಿ ಹತ್ತು-ಹನ್ನೆರಡು ಅಡಿಯ ಒಂದು ಕೋಣೆಯಲ್ಲಿ ಹನ್ನೆರಡರಷ್ಟು ಜನರಲ್‌ಗಳು ತುಂಬಿಕೊಂಡು, ಹಿಂದೆ ಸರಿಯುವುದೋ ನಿಲ್ಲುವುದೋ ಎಂದು ಒಬ್ಬೊಬ್ಬರಾಗಿ ಮತ ಹೇಳಿದರು. ನಿಲ್ಲುವುದು, ಆದರೆ ತಾವಾಗಿ ಮೇಲೆ ಬೀಳುವುದು ಬೇಡ ಎಂದಾಯಿತು. ಮರುದಿನ ಮಧ್ಯಾಹ್ನ ದಕ್ಷಿಣದವರ ಫಿರಂಗಿಗಳು ಗುರಿಯನ್ನು ಮೀರಿ ಹಾರಿಸಿದವು. ದಿಬ್ಬದ ಮೇಲಿನ ಸಿಪಾಯಿಗಳಿಗೆ ಬೀಳಬೇಕಾದ ಗುಂಡುಗಳು ದಿಬ್ಬದ ಹಿಂದಿನ ಈ ಮನೆಯ ಅಂಗಳಕ್ಕೆ ಸುರಿದವು. ಬೇಲಿಗೆ ಕಟ್ಟಿದ ಕುದುರೆಗಳು ನಿಂತಲ್ಲೇ ಸತ್ತವು. ಮೀಡ್ ಬಿಡಾರ ಬದಲಾಯಿಸಬೇಕಾಯಿತು.

ಆದರೆ ಮನೆ ಮೀಡ್‌ನದಲ್ಲವಲ್ಲ! ಅದನ್ನು 1861ರಲ್ಲಿ ಕೊಂಡಿದ್ದವಳು ಲಿಡಿಯಾ ಲೀಸ್ಟರ್ ಎಂಬ ವಿಧವೆ. ಜಮೀನಿನ ಸಾಲ ಇನ್ನೂ ತೀರಿರಲಿಲ್ಲ. ಯುದ್ಧ ಮುಗಿದ ಮೇಲೆ, 1865ರಲ್ಲಿ, ಬರಹಗಾರನೊಬ್ಬ ಹೋಗಿ ಮಾತನಾಡಿಸಿದಾಗ ಅವಳು ಸೇನಾಪತಿಯ ಸುದ್ದಿಯನ್ನು ಬಿಟ್ಟು ತನ್ನ ನಷ್ಟದ ಲೆಕ್ಕ ಹೇಳಿದಳು. ಗೋಧಿ ಪೂರ್ತಿ ತುಳಿದುಹೋಯಿತು. ಹೊಲದಲ್ಲಿ ಹದಿನೇಳು ಸತ್ತ ಕುದುರೆಗಳು. ಅವುಗಳಲ್ಲಿ ಐದನ್ನು ಅವಳ ಅತ್ಯುತ್ತಮ ಪೀಚ್ ಮರದ ಸುತ್ತಲೇ ಸುಟ್ಟರು, ಮರ ಒಣಗಿತು. ಎಳೆಯ ಸೇಬಿನ ಗಿಡಗಳು ಮುರಿದವು. ಒರತೆಯ ನೀರು ಕೊಳೆತು ಹೊಸ ಬಾವಿ ತೋಡಿಸಬೇಕಾಯಿತು. ಪರಿಹಾರ? ಮಾಂಸ ಪೂರ್ತಿ ಕೊಳೆತು ಹೋಗುವವರೆಗೆ ಕಾದು, ಕುದುರೆಗಳ ಮೂಳೆಯನ್ನು ನೂರು ಪೌಂಡಿಗೆ 50 ಸೆಂಟಿನಂತೆ ಮಾರಿದಳು. ಒಟ್ಟು 750 ಪೌಂಡು. ಉಳಿದ ಲೆಕ್ಕ ನೀವೇ ಮಾಡಿಕೊಳ್ಳಿ ಎಂದಳಂತೆ. ನಾನು ಮಾಡಿದೆ: ಮೂರು ಡಾಲರ್ 75 ಸೆಂಟು.

ದಕ್ಷಿಣದ ಸೇನಾಪತಿ ರಾಬರ್ಟ್ ಲೀಯ ಬಿಡಾರವೂ ಮೇರಿ ಥಾಂಪ್ಸನ್ ಎಂಬ ವಿಧವೆಯ ಕಲ್ಲಿನ ಮನೆಯ ಬಳಿಯೇ ಇತ್ತು ಎಂದರೆ ನೀನು ನಗುತ್ತೀಯೇನೋ. ಚೇಂಬರ್ಸ್‌ಬರ್ಗ್ ಹೆದ್ದಾರಿಯಲ್ಲಿ ಮನೆ ಒಂದು ಮಗ್ಗುಲಿಗಿದ್ದರೆ, ಅವನ ಹೆಸರಿನ ಫಿರಂಗಿ ರಸ್ತೆಯ ಆಚೆ ಇದೆ. ಸೇಬಿನ ತೋಟದಲ್ಲಿ ಡೇರೆ ಹಾಕಿದ್ದೆ ಎಂಬ ಅವನದೇ ಮಾತನ್ನು ಫಲಕದಲ್ಲಿ ಕೊರೆದಿದ್ದಾರೆ. ಮನೆಯ ಪಕ್ಕದಲ್ಲಿ ಬಹಳ ಕಾಲ ಒಂದು ಮೋಟೆಲ್ ನಡೆಯುತ್ತಿತ್ತು. ಸಂರಕ್ಷಣಾ ಟ್ರಸ್ಟ್ ಒಂದು ಜಾಗ ಕೊಂಡು, ಮೋಟೆಲನ್ನು ಕೆಡವಿ, 2016ರಲ್ಲಿ ಮನೆಯನ್ನು ಹಳೆಯ ರೂಪದಲ್ಲಿ ತೆರೆಯಿತು. ಒಳ್ಳೆಯ ಕೆಲಸವೇ. ಆದರೂ ಜನರ ಕ್ಯಾಮೆರಾ ಹೊರಳುವುದು ಕುದುರೆಯೇರಿದ ಲೀಯ ದೊಡ್ಡ ಪ್ರತಿಮೆಯ ಕಡೆಗೇ. ಈ ನೆಟ್ಟ ಫಿರಂಗಿಗಳ ಮುಂದೆ ಕಾರು ನಿಲ್ಲಿಸುವವರು ಕಡಿಮೆ. ನನಗೋ ಇವೇ ಇಷ್ಟ. ಹೊಗಳಿಕೆಯಿಲ್ಲ, ಬೈಗುಳವಿಲ್ಲ, ಹೆಸರು, ಪಡೆ, ತಾರೀಖು, ಅಷ್ಟೇ.

ಸಿಕಲ್ಸ್ ಎಂಬ ಜನರಲ್‌ನ ಕಾಲಿನ ಕತೆ ಬೇರೆಯೇ ಇದೆ. ಇದೇ ಕಾಳಗದಲ್ಲಿ ತುಂಡಾದ ತನ್ನ ಕಾಲಿನ ಮೂಳೆಯನ್ನು ಸಂಗ್ರಹಾಲಯಕ್ಕೆ ಕಳಿಸಿದ ಮಹಾಶಯ ಅವನು! ಅದನ್ನು ಮುಂದಿನ ಪತ್ರಕ್ಕೆ ಇಟ್ಟುಕೊಂಡಿದ್ದೇನೆ. ರಜೆಯಲ್ಲಿ ನೀನು ಈ ಕಡೆ ಬಂದರೆ ಮೊದಲು ಟೇನಿಟೌನ್ ರಸ್ತೆಗೆ ಹೋಗೋಣ, ಪ್ರತಿಮೆಗಳನ್ನು ಆಮೇಲೆ ನೋಡಿದರಾಯಿತು. ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ,
ಗೆಳೆಯ