ನೀಲಿ ದಾರದ ಋಣ

ಕುಟುಂಬದ ಹಳೆಯ ಫೋಟೋಗಳನ್ನು ಅಜ್ಜಿ ಉಟ್ಟು ಮೆತ್ತಗಾದ ಹತ್ತಿ ಸೀರೆಗಳ ಮೇಲೆ ಸಯನೋಟೈಪ್ ಎಂಬ, ಬಿಸಿಲಿನಿಂದ ನೀಲಿ ಚಿತ್ರ ಮೂಡಿಸುವ ವಿಧಾನದಲ್ಲಿ ಅಚ್ಚು ಹಾಕಿದ ನನ್ನ ಪ್ರದರ್ಶನ ಮುಗಿದಿದೆ. ಫೋಟೋ ಹುಡುಕಿಕೊಟ್ಟ ಸೋದರಮಾವಂದಿರಿಗೆ, ನೆಗೆಟಿವ್ ಸಿದ್ಧಪಡಿಸಿದ ಗೆಳೆಯರಿಗೆ, ಗ್ಯಾಲರಿಯವರಿಗೆ, ಬಂದು ನೋಡಿದ ಎಲ್ಲರಿಗೂ ನಾನು ಋಣಿ.

ಇನ್ನು ಚಿಕ್ಕಮ್ಮನ ವಿಷಯ. ಉದ್ಘಾಟನೆಯ ಹಿಂದಿನ ಸಂಜೆ, ಕುಟುಂಬದ ಗುಂಪುಚಿತ್ರವಿದ್ದ ದೊಡ್ಡ ಸೀರೆಗೆ ವಾಷಿಂಗ್ ಸೋಡಾ ತಾಗಿ ಅಚ್ಚು ಮಾಸಿದ್ದು ನಿಮಗೆ ಗೊತ್ತೇ ಇದೆ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಈ ವಿಧಾನದಲ್ಲಿ ಬಟ್ಟೆಗೆ ಬಳಿದ ಕಬ್ಬಿಣದ ಲವಣಗಳು ಬಿಸಿಲು ತಾಗಿದಲ್ಲಿ ನೀಲಿಯಾಗುತ್ತವೆ, ಉಳಿದದ್ದು ಬರಿ ನೀರಿನಲ್ಲಿ ತೊಳೆದುಹೋಗುತ್ತದೆ. ಆದರೆ ವಾಷಿಂಗ್ ಸೋಡಾದಂಥ ಕ್ಷಾರ ಸೋಕಿತೆಂದರೆ ಆ ನೀಲಿ ಹಳದಿಗೆ ತಿರುಗಿ ಮಾಸುತ್ತದೆ. ಮತ್ತೆ ಅಚ್ಚು ಹಾಕೋಣವೆಂದರೆ ಅತಿನೇರಳೆ ದೀಪ ನನ್ನಲ್ಲಿಲ್ಲ, ರಾತ್ರಿಯಲ್ಲಿ ಸೂರ್ಯನನ್ನು ಎಲ್ಲಿಂದ ತರುವುದು? ಚಿಕ್ಕಮ್ಮ ಏನನ್ನೂ ಕೇಳದೆ ಸೀರೆಯನ್ನು ನೆಲದ ಮೇಲೆ ಹರಡಿ, ಕನ್ನಡಕ ಏರಿಸಿ, ದಾರದ ತುದಿಯನ್ನು ನಾಲಗೆಗೆ ತಾಗಿಸಿ ಸೂಜಿಗೆ ಪೋಣಿಸಿದರು. “ಗೆರೆ ಕಾಣುವ ಕಡೆ ಹೊಲಿಯೋಣ, ಕಾಣದ ಕಡೆ ಬಿಡೋಣ” ಎಂದರು. ಬೆಳಗಿನವರೆಗೂ ನಾವು ಮಾಡಿದ್ದು ಅಷ್ಟೇ.

ಆ ಗುಂಪುಚಿತ್ರದ ಎಡತುದಿಯಲ್ಲಿ ಒಬ್ಬರನ್ನು ಕತ್ತರಿಸಿ ತೆಗೆದದ್ದನ್ನು ನೀವೂ ನೋಡಿದ್ದೀರಿ. ಆಕೆ ಅಜ್ಜಿಯ ತಂಗಿಯೆಂದೂ, ಮನೆಬಿಟ್ಟು ಹೋದ ಮೇಲೆ ಯಾರೂ ಆಕೆಯ ಹೆಸರೆತ್ತಲಿಲ್ಲವೆಂದೂ, ನನ್ನ ಮೂಗು ಆಕೆಯದೇ ಎಂದೂ ಚಿಕ್ಕಮ್ಮ ಆ ರಾತ್ರಿ ತಲೆಯೆತ್ತದೆ ಹೊಲಿಯುತ್ತಲೇ ಹೇಳಿದರು. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ, ಗೊತ್ತಿದ್ದವರೆಲ್ಲ ಇಷ್ಟು ವರ್ಷ ಸುಮ್ಮನಿದ್ದರಲ್ಲ ಎಂಬ ಸಿಟ್ಟು ಬಂತು. ಆ ಸಿಟ್ಟು ಪೂರ್ತಿ ಇಳಿದಿದೆಯೆಂದು ಈಗಲೂ ಹೇಳಲಾರೆ. ಖಾಲಿ ಜಾಗದಲ್ಲಿ ಒಂದು ಮುಖವನ್ನು ಕಸೂತಿ ಮಾಡಲು ಹೊರಟ ನನ್ನ ಕೈಯನ್ನು ಅವರು ಹಿಡಿದರು. “ನಾನು ಆಕೆಯನ್ನು ನೋಡಿದ್ದು ಚಿಕ್ಕವಳಿದ್ದಾಗ, ನೀನು ನೋಡಿಯೇ ಇಲ್ಲ. ಇಲ್ಲದ ಮುಖ ಕಟ್ಟಬೇಡ. ಕತ್ತರಿ ಹೋದ ದಾರಿಯನ್ನಷ್ಟೇ ಹೊಲಿ.”

ಹೆಚ್ಚಿನವರು ನಿಂತು ನೋಡಿದ್ದು ಆ ಅಂಚನ್ನೇ. ಫಲಕಗಳು ಮೊದಲೇ ಅಚ್ಚಾಗಿದ್ದರಿಂದ ಅಲ್ಲಿ ನನ್ನ ಹೆಸರೊಂದೇ ಇತ್ತು. ಮುಂದಿನ ಪ್ರದರ್ಶನದಲ್ಲಿ ಚಿಕ್ಕಮ್ಮನ ಹೆಸರೂ ಇರುತ್ತದೆ. ಬೇಡವೆಂದು ಅವರು ಈಗಾಗಲೇ ಜಗಳ ತೆಗೆದಿದ್ದಾರೆ, ನಾನು ಒಪ್ಪಿಲ್ಲ.