ಹತ್ತನೇ ಕ್ಲಾಸ್ ಪೋಷಕರ ಗಮನಕ್ಕೆ

ನಮಸ್ಕಾರ. ಸೋಮವಾರದಿಂದ ಸಂಜೆ ಕ್ಲಾಸ್ ಶುರು, ಐದೂವರೆವರೆಗೆ. ಆಲ್ದೂರು ಬಸ್ ಹಿಡಿಯುವವರನ್ನು ಸ್ವಲ್ಪ ಮೊದಲೇ ಬಿಡುತ್ತೇವೆ, ಗಾಬರಿ ಬೇಡ.

"ಪಾಸಾದ್ರೆ ಸಾಕು ಸಿಸ್ಟರ್" ಅಂತ ಮಕ್ಕಳ ಎದುರು ದಯವಿಟ್ಟು ಹೇಳಬೇಡಿ, ಅವರೂ ಅಷ್ಟಕ್ಕೇ ನಿಂತುಬಿಡುತ್ತಾರೆ. ಗಣಿತದಲ್ಲಿ ಹಿಂದಿರುವವರಿಗೆ ಬೇರೆ ಕೂರಿಸಿ ಭಿನ್ನರಾಶಿಯಿಂದಲೇ ಹೇಳಿಕೊಡುತ್ತೇವೆ, ಫೀಸ್ ಇಲ್ಲ, ಹೋಂವರ್ಕ್‌ಗೆ ರಿಯಾಯಿತಿಯೂ ಇಲ್ಲ. ಎಸ್ಸೆಸ್ಸೆಲ್ಸಿಗೆ ಈಗ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆಯಲ್ಲ ಅಂತ ಮೊದಲನೆಯದನ್ನು ಸುಮ್ನೆ ಬಿಡೋದು ಬೇಡ. ಗಣಿತದ 100ರಲ್ಲಿ 20 ಶಾಲೆಯ ಆಂತರಿಕ ಅಂಕ, ಉಳಿದ 80 ಬರೆದೇ ತರಬೇಕು, ಅಲ್ವಾ?

ಭಾನುವಾರ ಚರ್ಚ್‌ನಲ್ಲಿ ಬಲಿಪೂಜೆ ಮುಗಿದ ಮೇಲೆ ಡೌಟ್ ಕೇಳೋಕೆ ಕಾನ್ವೆಂಟ್‌ಗೆ ಬರಬಹುದು, ಯಾವ ಧರ್ಮದ ಮಕ್ಕಳಾದರೂ ಸರಿ. ಕಾಫಿ ಕೊಯ್ಲಿಗೆ ಅಂತ ರಜೆ ಹಾಕಿಸಬೇಡಿ. ಮನೆಯಲ್ಲಿ ಕಷ್ಟವಿದ್ದರೆ ಗ್ರೂಪಲ್ಲಿ ಹಾಕದೆ ನನಗೇ ಫೋನ್ ಮಾಡಿ.