ನಗರ ತಾನಾಗಿ ಖಾಲಿಯಾದ ಊರಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಕೊಡಚಾದ್ರಿ ಪ್ರವಾಸದ ಬರಹ ಓದಿದೆ. ಅದರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ನಮ್ಮ ಊರಿಗೂ ನಾಲ್ಕು ಸಾಲು ಸಿಕ್ಕಿದೆ. ದಾರಿಯಲ್ಲಿ ಒಂದು ಹಾಳು ಕೋಟೆ ಇದೆ, ಫೋಟೊ ತೆಗೆಯಲು ಚೆನ್ನಾಗಿದೆ, ಜನವಸತಿ ಅಂಥದ್ದೇನೂ ಇಲ್ಲ ಎಂದು ಬರೆದಿದ್ದಾರೆ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಜೀಪಿನವರು ಕೋಟೆ ಬಾಗಿಲಲ್ಲಿ ಇಳಿಸಿ, ಮತ್ತೆ ಹತ್ತಿಸಿಕೊಂಡು ಹೋದರೆ ಕಾಣುವುದು ಅಷ್ಟೇ.

ಆದರೆ ಜನ ಇಲ್ಲ ಎಂದ ಮೇಲೆ ಯಾಕಿಲ್ಲ ಎಂದೂ ಹೇಳಬೇಕಲ್ವಾ?

ನಾನು ಇದೇ ಹೋಬಳಿಯ ಶಾಲೆಗಳಲ್ಲಿ ಪಾಠ ಮಾಡಿದವಳು. 1991 ಮತ್ತು 2001ರ ಜನಗಣತಿಗೆ ಮನೆ ಮನೆ ತಿರುಗಿದ್ದೇನೆ. ಬಯಲುಸೀಮೆಯ ಮೇಷ್ಟ್ರು ಒಂದು ಬೀದಿಯಲ್ಲಿ ಮುಗಿಸುವಷ್ಟು ಮನೆಗಳಿಗೆ ಇಲ್ಲಿ ದಿನವಿಡೀ ನಡೆಯಬೇಕು. ತೋಟದ ಸಂಕ ದಾಟಬೇಕು, ದರೆ ಹತ್ತಬೇಕು, ನಾಯಿ ಕಟ್ಟಿ ಎಂದು ದೂರದಿಂದಲೇ ಕೂಗಬೇಕು. ಮಲೆನಾಡಿನಲ್ಲಿ ಮನೆಗಳು ಒತ್ತಾಗಿ ಇರುವುದಿಲ್ಲ. ಹೊರಗಿನವರಿಗೆ ಊರೇ ಇಲ್ಲ ಅನ್ನಿಸುವುದಕ್ಕೆ ಅದೂ ಒಂದು ಕಾರಣ. ಇನ್ನು ನಮ್ಮ ಪಂಚಾಯಿತಿಯ ಹೆಸರು ಮೂಡುಗೊಪ್ಪ. ಕಾಗದದಲ್ಲಿ ಹುಡುಕಿದರೆ ನಗರ ಸುಲಭಕ್ಕೆ ಕೈಗೆ ಸಿಗುವುದೂ ಇಲ್ಲ!

ನಮ್ಮ ನಗರ ಎಂದರೆ ಹಿಂದಿನ ಬಿದನೂರು. 1637ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಕೆಳದಿ ನಾಯಕರ ರಾಜಧಾನಿ ಇಕ್ಕೇರಿಯ ಮೇಲೆ ಬಿದ್ದ. ಬಯಲಿಗೆ ತೆರೆದುಕೊಂಡಿದ್ದ ಇಕ್ಕೇರಿ ಇನ್ನು ಕ್ಷೇಮವಲ್ಲ ಎಂದು ವೀರಭದ್ರ ನಾಯಕ ರಾಜಧಾನಿಯನ್ನು ಈ ಕಾಡಿನ ನಡುವೆ ತಂದ. ಸುತ್ತ ಗುಡ್ಡ, ವರ್ಷದಲ್ಲಿ ನಾಲ್ಕೈದು ತಿಂಗಳು ಬಿಡದ ಮಳೆ, ಪಡುವಣಕ್ಕೆ ಘಟ್ಟ. ಘಟ್ಟ ಇಳಿದರೆ ಬಸರೂರು, ಕುಂದಾಪುರದ ಬಂದರುಗಳು. ಮೆಣಸು, ಅಡಿಕೆ ಹೊತ್ತ ಎತ್ತುಗಳು ಈ ದಾರಿಯಲ್ಲೇ ಇಳಿಯುತ್ತಿದ್ದವು. ಶಿವಪ್ಪ ನಾಯಕ ಗದ್ದೆ, ತೋಟ ಅಳೆಸಿ ಕಂದಾಯದ ‘ಶಿಸ್ತು’ ತಂದದ್ದು ಇಲ್ಲಿಂದಲೇ. ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟು, ಔರಂಗಜೇಬನ ಸೈನ್ಯವನ್ನು ಎದುರಿಸಿದ ಚೆನ್ನಮ್ಮಾಜಿ ಆಳಿದ್ದೂ ಇಲ್ಲಿಂದಲೇ. ಆಗ ಇಲ್ಲಿ ಲಕ್ಷ ಮನೆ ಇತ್ತು ಎಂದು ಹಿರಿಯರು ಹೇಳುವುದುಂಟು. ಗಣತಿ ಮಾಡಿದವಳಾಗಿ ನಾನದನ್ನು ನಂಬುವುದಿಲ್ಲ. ಲಕ್ಷ ಮನೆ ನಿಲ್ಲಲು ಈ ಕಣಿವೆಯಲ್ಲಿ ಜಾಗವೆಲ್ಲಿದೆ? ಆದರೂ ದೊಡ್ಡ ಊರೇ, ಸಂಶಯ ಬೇಡ. 1763ರಲ್ಲಿ ಹೈದರಾಲಿ ರಾಣಿ ವೀರಮ್ಮಾಜಿಯಿಂದ ಇದನ್ನು ಗೆದ್ದಾಗ ಸಿಕ್ಕ ಖಜಾನೆಯೇ ಅವನ ಮುಂದಿನ ಏಳಿಗೆಗೆ ಬಂಡವಾಳ ಎನ್ನುತ್ತಾರೆ. ಅವನು ಊರಿಗೆ ಹೈದರ್ ನಗರ ಎಂದು ಹೆಸರಿಟ್ಟ, ಟಂಕಸಾಲೆ ನಡೆಸಿದ. ಅದರಲ್ಲಿ ಈಗ ಉಳಿದಿರುವುದು ನಗರ ಎಂಬ ಎರಡನೆಯ ತುಂಡು ಮಾತ್ರ.

1783ರಲ್ಲಿ ಇಂಗ್ಲಿಷರು ಹಿಡಿದರು, ಅದೇ ವರ್ಷ ಟಿಪ್ಪು ಮುತ್ತಿಗೆ ಹಾಕಿ ವಾಪಸ್ ಪಡೆದ. ಎರಡೂ ಸಲ ಪೆಟ್ಟು ತಿಂದದ್ದು ಪೇಟೆಯ ಜನ. 1830ರಲ್ಲಿ ಕಂದಾಯದ ಕಾಟ ತಾಳದೆ ರೈತರು ಎದ್ದರು. ಅದಕ್ಕೆ ನಗರ ದಂಗೆ ಎಂದೇ ಹೆಸರು. ಅದನ್ನೇ ಕಾರಣ ಮಾಡಿಕೊಂಡು ಇಂಗ್ಲಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಇಡೀ ಮೈಸೂರಿನ ಆಡಳಿತ ಕಿತ್ತುಕೊಂಡರು. ಆಮೇಲೆ ಶಿವಮೊಗ್ಗ, ಕಡೂರು, ಚಿತ್ರದುರ್ಗ ಸೇರಿ ಒಂದು ವಿಭಾಗವಾಯಿತು. ಅದರ ಹೆಸರು ನಗರ ವಿಭಾಗ! ಮೈಸೂರು ಸೀಮೆಯ ಒಂದು ಪಾಲಿಗೆ ಹೆಸರು ಕೊಟ್ಟ ಊರಿನಲ್ಲಿ 19ನೇ ಶತಮಾನದ ಕೊನೆಗೆ ತಾಲ್ಲೂಕು ಕಚೇರಿಯೂ ಉಳಿಯಲಿಲ್ಲ. ಸುಮಾರು 17 ಕಿ.ಮೀ. ಆಚೆಯ ಕಲ್ಲೂರುಕಟ್ಟೆಗೆ ಹೋಯಿತು. ಕಲ್ಲೂರುಕಟ್ಟೆ ಹೊಸನಗರವಾಯಿತು, ನಾವು ಹೋಬಳಿಯಾದೆವು.

ಇಷ್ಟು ಹೇಗೋ ಪುಸ್ತಕಗಳಲ್ಲಿ ಸಿಗುತ್ತದೆ. ನೀರು ಬಂದ ಕಥೆಯನ್ನು ಮಾತ್ರ ಯಾರೂ ಬೋರ್ಡಿನ ಮೇಲೆ ಬರೆಯುವುದಿಲ್ಲ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ಹಿನ್ನೀರು ಹೊಸನಗರ ತಾಲ್ಲೂಕಿನ ಒಳಗಿನವರೆಗೂ ಬಂತು. ಆಮೇಲೆ ನಮ್ಮ ಮಗ್ಗುಲಲ್ಲೇ ಚಕ್ರಾ, ಸಾವೆಹಕ್ಲು ಕಟ್ಟೆಗಳು ಎದ್ದವು. ಅವುಗಳ ನೀರು ಕಾಲುವೆಯಲ್ಲಿ ಲಿಂಗನಮಕ್ಕಿಗೆ ಹೋಗುತ್ತದೆ. ವಾರಾಹಿ ಹೊಳೆಗೆ ಮಾಣಿಯಲ್ಲಿ ಅಣೆಕಟ್ಟು ಬಂತು. ಆ ನೀರು ಘಟ್ಟದ ಹೊಟ್ಟೆಯೊಳಗೆ ಇಳಿದು ಹೊಸಂಗಡಿಯ ಹತ್ತಿರ ನೆಲದಡಿ ಕರೆಂಟಾಗುತ್ತದೆ. ಮುಳುಗಿದ್ದು ಬರೀ ಕಾಡಲ್ಲ. ತಗ್ಗಿನಲ್ಲಿದ್ದ ಒಳ್ಳೆಯ ಗದ್ದೆ, ಫಸಲಿನ ತೋಟ ಮೊದಲು ಹೋದವು. ಗದ್ದೆ ಹೋದ ಮೇಲೆ ಗುಡ್ಡದ ಮೇಲಿನ ಮನೆ ಇಟ್ಟುಕೊಂಡು ಮಾಡುವುದೇನು? ಒಂದು ಊರು ಮುಳುಗಿದರೆ ಪಕ್ಕದೂರಿನ ಸಂಪರ್ಕ ಕಡಿಯಿತು, ಶಾಲೆಗೆ ಮಕ್ಕಳು ಸಾಲದೆ ಬಂತು. ಶರಾವತಿಯ ಮುಳುಗಡೆಯವರಲ್ಲಿ ಎಷ್ಟೋ ಮನೆಗಳಿಗೆ ಈಗಲೂ ಕೂತ ಜಾಗದ ಹಕ್ಕುಪತ್ರ ಇಲ್ಲ. ಇತ್ತ ಉಳಿದ ನಮಗೆ ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಸಾಕು, ಕರೆಂಟು ಹೋಗುತ್ತದೆ, ಹಿಂದೆಯೇ ಮೊಬೈಲ್ ಟವರೂ ಮಲಗುತ್ತದೆ. ಬೆಂಗಳೂರಲ್ಲಿರುವ ಮಕ್ಕಳಿಗೆ ಫೋನ್ ಹತ್ತದೆ ಗಾಬರಿ. ವಯಸ್ಸಾದ ಇಬ್ಬರೇ ಇರುವ ಮನೆಗಳು ಎಷ್ಟಿವೆ ಎಂದು ಕೇಳಬೇಡಿ.

ಕಂದಾಯದ ಭಾಷೆಯಲ್ಲಿ ಜನವಸತಿ ಇಲ್ಲದ ಊರಿಗೆ ಬೇಚರಾಕ್ ಗ್ರಾಮ ಎನ್ನುತ್ತಾರೆ. ಗಣತಿಯಲ್ಲಿ ಅಂಥ ಊರಿನ ಮುಂದೆ ಸೊನ್ನೆ. ಯಾವಾಗಿನಿಂದ ಸೊನ್ನೆ, ಯಾರಿದ್ದರು, ಎಲ್ಲಿಗೆ ಹೋದರು ಎಂದು ಬರೆಯಲು ಆ ಹಾಳೆಯಲ್ಲಿ ಜಾಗ ಇಲ್ಲ.

2021ರ ಜನಗಣತಿ ನಡೆಯಲೇ ಇಲ್ಲ. ಈಗ 2027ರದ್ದಕ್ಕೆ ತಯಾರಿ. ಅದರಲ್ಲಿ ನಮ್ಮ ಹೋಬಳಿಯ ಸಂಖ್ಯೆ ಇನ್ನೂ ಕಮ್ಮಿ ಬಂದರೆ ನನಗೆ ಆಶ್ಚರ್ಯವಿಲ್ಲ. ನನ್ನ ಕೋರಿಕೆ ಇಷ್ಟೇ. ಮುಳುಗಿದ ಊರು, ಮಜರೆಗಳ ಹೆಸರುಗಳನ್ನು, ಅಲ್ಲಿದ್ದ ಮನೆತನಗಳ ಸಮೇತ, ಪಂಚಾಯಿತಿಗಳು ಈಗಲೇ ಪಟ್ಟಿ ಮಾಡಲಿ. ಕೋಟೆಯ ಬಾಗಿಲಲ್ಲಿ ನಾಯಕರ ವಂಶಾವಳಿಯ ಪಕ್ಕದಲ್ಲೇ ಆ ಪಟ್ಟಿಯನ್ನೂ ಹಾಕಲಿ. ಅಕ್ಕ-ತಂಗಿ ಕೊಳದ ಮುಂದೆ ಸೆಲ್ಫಿ ತೆಗೆದುಕೊಂಡವರು ಅದನ್ನೂ ಓದಲಿ. ಮುಳುಗಡೆಯಾದಾಗ ಶಾಲೆಗೆ ಹೋಗುತ್ತಿದ್ದವರಿಗೂ ಈಗ ವಯಸ್ಸಾಗಿದೆ, ತಡ ಮಾಡಿದರೆ ಹೇಳುವವರು ಇರುವುದಿಲ್ಲ. ನಿಮ್ಮ ಪತ್ರಿಕೆಯಿಂದ ಯಾರಾದರೂ ಬಂದರೆ ಅವರ ಮನೆಗಳಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಮಳೆಗಾಲ ಕಳೆದ ಮೇಲೆ ಬನ್ನಿ.

– ನಿವೃತ್ತ ಶಿಕ್ಷಕಿ, ಚಿಕ್ಕಪೇಟೆ, ನಗರ, ಹೊಸನಗರ ತಾಲ್ಲೂಕು